ಚಲುವಮ್ಮ ಅಂದ್ರೆ ಯಾವ ಬಟನ್ನು?

ಮೊದಲ ಕರೆಗೆ ಓಗೊಡುವುದು ಚಲುವಮ್ಮನ ಜಾಯಮಾನವಲ್ಲ. ಮೊದಲನೆಯದು ಬಾಯಿಚಪಲಕ್ಕೆ ಕರೆದದ್ದಿರಬಹುದು, ಎರಡನೆಯದು ಸಿಟ್ಟಿಗೆ ಕರೆದದ್ದಿರಬಹುದು, ಮೂರನೆಯದು ಮಾತ್ರ ಕೆಲಸಕ್ಕೆ ಕರೆದದ್ದು ಎಂಬುದು ಅವಳ ನಂಬಿಕೆ. ಚಾಮರಾಜಪುರಂನ ‘ಮೊಗ್ಗು ಶಿಶುವಿಹಾರ’ದಲ್ಲಿ ಅವಳು ಆಯಾ ಆಗಿ ಸೇರಿದ ಕಾಲದಿಂದಲೂ ವೇದವತಿ ಮಿಸ್ಸು “ಚಲುವಮ್ಮಾ” ಎಂದು ಒಂದು ಸಲ, “ಚಲುವಮ್ಮೋ” ಎಂದು ಇನ್ನೊಂದು ಸಲ, “ಏ ಚಲುವೀ, ಕಿವೀಲೇನು ಕಡುಬು ಇಟ್ಕೊಂಡಿದೀಯೇನೇ?” ಎಂದು ಮಗದೊಂದು ಸಲ ಕೂಗುತ್ತಿದ್ದರು. ಆಗ ಅವಳು ನಲ್ಲಿಯ ಕೆಳಗಿಂದ ಕೈ ತೆಗೆದು, ಸೆರಗಿಗೆ ಒರೆಸಿಕೊಂಡು, “ಬಂದೆ ಮಿಸ್ಸೋ” ಎಂದು ಎದ್ದು ಬರುತ್ತಿದ್ದಳು.

“ಯಮ ಬಂದು ಕರೆದ್ರೂ ನೀನು ಮೂರನೇ ಸಲಕ್ಕೇ ಹೋಗೋದು. ಅವನಿಗೆ ಅಷ್ಟು ತಾಳ್ಮೆ ಇರಲ್ಲ. ದೀರ್ಘಾಯುಷಿ ಕಣೇ ನೀನು” ಎನ್ನುತ್ತಿದ್ದರು ಮಿಸ್ಸು.

ಶಿಶುವಿಹಾರವೆಂದರೆ ಮಿಸ್ಸಿನ ಮನೆಯೇ. ಮುಂದಿನ ಎರಡು ಕೋಣೆ, ಒಂದು ಜಗುಲಿ, ಅಂಗಳದಲ್ಲೊಂದು ಸೀಬೆ ಮರ, ಆಚೆಗೆ ರೈಲು ಹಳಿ. ಆ ಶಾಲೆಯಲ್ಲಿ ‘ತಪ್ಪು’ ಎಂಬ ಪದಕ್ಕೆ ಮಾತ್ರ ಅಡ್ಮಿಷನ್ ಇರಲಿಲ್ಲ. ಆನೆಯನ್ನು ತೋರಿಸು ಅಂದರೆ ಮಗು ಕಾಗೆಯನ್ನು ತೋರಿಸಿತೋ, “ಇರಲಿ ಮರಿ, ಇನ್ನೊಂದ್ಸಲ ನೋಡೋಣ” ಎನ್ನುತ್ತಿದ್ದರು ಮಿಸ್ಸು. ಮತ್ತೂ ಕಾಗೆಯೇ ಬಂದು ಮಗುವಿನ ಕೆಳದುಟಿ ನಡುಗಲು ಶುರುವಾದರೆ ಪಾಠ ಅಲ್ಲಿಗೆ ಬಂದ್. ಚಲುವಮ್ಮನಿಗೆ ಕರೆ ಹೋಗುತ್ತಿತ್ತು. ಅವಳು ಬಂದು ಮಗುವನ್ನು ಸೊಂಟಕ್ಕೇರಿಸಿಕೊಂಡು ಸೀಬೆ ಮರದ ಹತ್ತಿರ ಹೋಗಿ, ತುಟಿ ನೆಟ್ಟಗಾಗುವವರೆಗೂ ಅದಕ್ಕೆ ಇರುವೆ ಸಾಲು ತೋರಿಸುತ್ತ ನಿಲ್ಲಬೇಕು.

“ತಲೆ ನನ್ನ ಇಲಾಖೆ, ಸೊಂಟ ನಿನ್ನ ಇಲಾಖೆ” ಎಂದು ಮಿಸ್ಸು ಖಾತೆ ಹಂಚಿಬಿಟ್ಟಿದ್ದರು.

ಅಂಥ ಶಾಲೆಗೆ ಒಂದು ದಿನ ಕಂಪ್ಯೂಟರ್ ಬಂತು. ಪಕ್ಕದ ರಸ್ತೆಯಲ್ಲಿ ಕಂಪ್ಯೂಟರ್ ಕ್ಲಾಸು ನಡೆಸುತ್ತಿದ್ದ ಯೋಗೇಂದ್ರನಿಗೆ, ಇನ್ನೂ ಅಕ್ಷರ ಬಾರದ ಪುಟಾಣಿಗಳಿಗಾಗಿ ಕನ್ನಡದಲ್ಲಿ ಒಂದು ಆಟ ಮಾಡುವ ಹುಚ್ಚು ಹಿಡಿದಿತ್ತು. ಆಟದ ಹೆಸರು ‘ಚಿಣ್ಣರ ಚುಕ್ಕಿ’. ಪರದೆಯ ಮೇಲೆ ಒಂದು ಮರ, ಮರದಲ್ಲೊಂದು ಗಿಣಿ, ಕೆಳಗೆ ಪ್ರಾಣಿಗಳು, ಬಣ್ಣದ ಚೆಂಡುಗಳು. “ಆನೆ ಎಲ್ಲಿದೆ?” ಎಂದು ಒಂದು ದನಿ ಕೇಳುತ್ತದೆ, ಮಗು ಮೌಸ್ ಹಿಡಿದು ಆನೆಯನ್ನು ಒತ್ತಬೇಕು. ಸರಿಯಾದರೆ ಗಂಟೆ ಮೊಳಗುತ್ತದೆ, ಗಿಣಿ ಕುಣಿಯುತ್ತದೆ. ಆ ದನಿ ಯಾರದಾಗಬೇಕು ಎಂಬ ಪ್ರಶ್ನೆಯೇ ಇರಲಿಲ್ಲ.

ಸ್ಟುಡಿಯೋ ಅಂದರೆ ಶಾಲೆಯ ಉಗ್ರಾಣ. ಗೋಡೆಗಳಿಗೆಲ್ಲ ಜಮಖಾನ ನೇತುಹಾಕಿ, ಅಕ್ಕಿ ಮೂಟೆಯ ಮೇಲೆ ಮಿಸ್ಸನ್ನು ಕೂರಿಸಿ ಯೋಗೇಂದ್ರ ದನಿ ಹಿಡಿದ. ರೈಲು ಬಂದಾಗಲೆಲ್ಲ ನಿಲ್ಲಿಸಬೇಕು. ಆದರೂ ‘ಹಳದಿ’ ಎನ್ನುವ ಹೊತ್ತಿಗೆ ಸರಿಯಾಗಿ ಚಾಮರಾಜನಗರದ ಗಾಡಿ ಕೂಗಿಬಿಟ್ಟಿತು. ಯೋಗೇಂದ್ರ ಅದನ್ನು ಹಾಗೇ ಬಿಟ್ಟ. ಇದರಿಂದಾಗಿ ಮೈಸೂರಿನ ಒಂದು ತಲೆಮಾರಿನ ಕೆಲವು ಮಕ್ಕಳು, ಕೆಂಪು ಸುಮ್ಮನಿರುತ್ತದೆ, ಹಸಿರು ಸುಮ್ಮನಿರುತ್ತದೆ, ಹಳದಿ ಮಾತ್ರ ಕೂಗುತ್ತದೆ ಎಂದು ನಂಬಿಕೊಂಡೇ ಬೆಳೆದವು. ಆ ಹೊತ್ತು ಚಲುವಮ್ಮ ಅಂಗಳದಲ್ಲಿದ್ದಳು. ಗದ್ದಲವಾಗದಂತೆ ಮಕ್ಕಳ ಬಾಯಿ ಮುಚ್ಚಿಸುವುದು ಅವಳ ಪಾಲಿಗೆ ಬಂದಿದ್ದ ಕೆಲಸ. ಹಾಗಾಗಿ ಒಳಗೆ ಮಿಸ್ಸು ಏನೇನು ಆಡಿದರೋ ಅವಳಿಗೆ ಗೊತ್ತಾಗಲಿಲ್ಲ.

ಆ ಕಂಪ್ಯೂಟರ್ ಪೆಟ್ಟಿಗೆಯ ಹತ್ತಿರ ಹೋಗಲಿಕ್ಕೂ ಅವಳಿಗೆ ಮೊದಲಿಂದ ಅಳುಕು. ಒರೆಸುವಾಗ ಮೌಸ್ ಕೈಗೆ ಸಿಕ್ಕರೆ ಬೆಚ್ಚಿಬೀಳುತ್ತಿದ್ದಳು. “ಇಲವಾಲದವಳು ನೀನು, ಇಲಿಬಾಲಕ್ಕೆ ಹೆದರಿದರೆ ಹೇಗೇ?” ಎಂದು ಮಿಸ್ಸು ನಗುತ್ತಿದ್ದರು. ಮಿಸ್ಸು ಸದಾ ಮಗುವಿನ ಪಕ್ಕದಲ್ಲೇ ಕೂರುತ್ತಿದ್ದುದರಿಂದ ಯಾವ ಮಗುವೂ ಬಹಳ ಸಲ ಎಡವುತ್ತಿರಲಿಲ್ಲ. ಆಟ ಅಷ್ಟು ದೂರ ಹೋದದ್ದೇ ಇಲ್ಲ.

ಕೊರೊನಾ ಎರಡನೇ ಅಲೆಯ ಬೇಸಿಗೆಯಲ್ಲಿ ಮಿಸ್ಸಿಗೆ ಉಸಿರು ಕಟ್ಟಿತು. ಶಾಲೆ ಮುಚ್ಚಿತ್ತು, ಬಸ್ಸಿರಲಿಲ್ಲ. ಹಾಲಿನ ವ್ಯಾನಿನವನ ಕಾಲಿಗೆ ಬಿದ್ದು, ಇಲವಾಲದಿಂದ ಒಂದು ಕಂತೆ ಸೊಪ್ಪು ಹಿಡಿದು ಬಂದ ಚಲುವಮ್ಮ ನೋಡಿದರೆ, ಗೇಟಿನ ಮುಂದೆ ಆಂಬುಲೆನ್ಸ್. ಹತ್ತಿರ ಬರಬೇಡಿ ಎಂದರು. ರಸ್ತೆಯ ಈಚೆಗೇ ನಿಂತಳು. ಬಿಳಿಯ ಉಡುಪಿನವರು ಮಿಸ್ಸನ್ನು ಮಲಗಿಸಿಕೊಂಡು ತಂದರು. ಗಾಡಿಗೆ ಏರಿಸುವಾಗ ಮಿಸ್ಸು ಕತ್ತು ಹೊರಳಿಸಿದರು.

“ಚಲುವಮ್ಮಾ” ಎಂದರು.

ಅಷ್ಟು ಕಾಲದ ಅಭ್ಯಾಸ. ಚಲುವಮ್ಮ ಎರಡನೇ ಕರೆಗೆ ಕಾದಳು. ಬಾಗಿಲು ಹಾಕಿಕೊಂಡಿತು. ಎರಡನೇ ಕರೆ ಬರಲೇ ಇಲ್ಲ.

ಮಿಸ್ಸು ರಜೆ ಹಾಕಿದ ದಿನ ಹಳೆಯ ಮಕ್ಕಳು “ಮಿಸ್ಸು ಮಿಸ್ಸು” ಎಂದು ಕುಣಿಯುವುದಿತ್ತು. ಈಗ ಆ ತಮಾಷೆ ನೆನಪಾದರೆ ಅವಳು ನಲ್ಲಿಯನ್ನು ಜೋರಾಗಿ ಬಿಟ್ಟುಕೊಳ್ಳುತ್ತಿದ್ದಳು.

ಕೆಲವು ಕಾಲದ ಮೇಲೆ ಮಿಸ್ಸಿನ ಸೊಸೆ ಸುಷ್ಮಿತಾ ಶಾಲೆಯನ್ನು ಮತ್ತೆ ತೆರೆದಳು. ಒಳ್ಳೆಯ ಹುಡುಗಿ. ಗೋಡೆಗೆ ಹೊಸ ಬಣ್ಣ ಬಂತು, ಚಾಪೆಗಳು ಮೆತ್ತಗಾದವು. ‘ಆಯಾ’ ಎನ್ನುವುದು ಮರ್ಯಾದೆಯಲ್ಲವೆಂದು ಮಕ್ಕಳಿಗೆ ‘ಆಂಟಿ’ ಎಂದು ಕಲಿಸಿದಳು, ಮಕ್ಕಳೆದುರು ತಾನೂ ಹಾಗೇ ಕರೆದಳು. ಆಯಾ ಕಾಲಕ್ಕೆ ಆಯಾ ಹೆಸರು. ಚಲುವಮ್ಮ ಬೇಡವೆನ್ನಲಿಲ್ಲ. ಆದರೆ ಆ ಮನೆಯಲ್ಲಿ ಚಲುವಮ್ಮನನ್ನು ‘ಚಲುವಮ್ಮ’ ಎನ್ನುವವರು ಯಾರೂ ಉಳಿಯಲಿಲ್ಲ.

ಹೀಗೆಂದುಕೊಂಡಿದ್ದಾಗ ಒಂದು ಮಧ್ಯಾಹ್ನ ಅವಳನ್ನು ಯಾರೋ ಹೆಸರು ಹಿಡಿದು ಕರೆದರು.

ಮಕ್ಕಳು ಉಂಡು ಮಲಗಿದ್ದರು. ವರ್ಷಿಣಿ ಎಂಬೊಂದು ಮಗು ಮಾತ್ರ ಮಲಗುವ ಪೈಕಿಯಲ್ಲ. ಅದು ಮಾತಾಡುವ ಪೈಕಿಯೂ ಅಲ್ಲ. “ಕಿವಿ ಕೇಳುತ್ತೆ, ಎಲ್ಲಾ ಅರ್ಥ ಆಗುತ್ತೆ, ಬಾಯಿ ಮಾತ್ರ ಬಿಡಲ್ಲ. ಡಾಕ್ಟ್ರು ಕಾಯಿರಿ ಅಂದಿದಾರೆ” ಎಂದು ಅದರ ತಾಯಿ ಭಾನುಪ್ರಿಯಾ ಸೇರಿಸುವಾಗಲೇ ಹೇಳಿದ್ದಳು. ಮಲಗದ ಮಗುವನ್ನು ಏನು ಮಾಡುವುದು? ಸುಷ್ಮಿತಾ ಹಳೆಯ ಕಂಪ್ಯೂಟರಿನ ಮುಸುಕು ತೆಗೆದು, ‘ಚಿಣ್ಣರ ಚುಕ್ಕಿ’ ಹಾಕಿಕೊಟ್ಟು, ಮಗುವನ್ನು ಅದರ ಮುಂದೆ ಕೂರಿಸಿ, ಒಳಕೋಣೆಗೆ ಫೋನ್ ಹಿಡಿದು ಹೋದಳು. ಚಲುವಮ್ಮ ಹಿತ್ತಲಿನ ನಲ್ಲಿಯಲ್ಲಿ ತಟ್ಟೆ ತೊಳೆಯುತ್ತಿದ್ದಳು.

“ಚಲುವಮ್ಮಾ... ಸ್ವಲ್ಪ ಬಾಮ್ಮ.”

ತಟ್ಟೆ ಕೈ ಜಾರಿ ಕಲ್ಲಿನ ಮೇಲೆ ಗಿರಗಿರನೆ ತಿರುಗಿತು. ಅದೇ ದನಿ. ‘ಮಾ’ವನ್ನು ಎಳೆದು, ಕೊನೆಗೆ ಸ್ವಲ್ಪ ಮೇಲಕ್ಕೆತ್ತಿ ಬಿಡುವ ಅದೇ ರಾಗ. ತಟ್ಟೆಯ ಸದ್ದಿನಲ್ಲಿ ಮುಂದಿನದು ಕೇಳಿಸಲಿಲ್ಲ. ಚಲುವಮ್ಮ ಉಸಿರು ಬಿಗಿಹಿಡಿದು ಎರಡನೇ ಕರೆಗೆ ಕಾದಳು. ಬರಲಿಲ್ಲ. ದೂರದಲ್ಲಿ ರೈಲು ಕೂಗಿತು. ಅದು ಹಳಿಯ ಮೇಲಿನ ರೈಲೋ, ಪೆಟ್ಟಿಗೆಯೊಳಗಿನ ಹಳದಿಯೋ, ಅದೂ ತಿಳಿಯಲಿಲ್ಲ.

ಮೆಲ್ಲಗೆ ಬಾಗಿಲಲ್ಲಿ ಇಣುಕಿದಳು. ಮಿಸ್ಸು ಕೂರುತ್ತಿದ್ದ ಕುರ್ಚಿ ಖಾಲಿ. ಪರದೆಯಲ್ಲಿ ಗಿಣಿ ರೆಕ್ಕೆ ಬಡಿಯುತ್ತಿತ್ತು. ವರ್ಷಿಣಿ ಪರದೆ ಬಿಟ್ಟು ಬಾಗಿಲನ್ನೇ ನೋಡುತ್ತಿದ್ದಳು. ಚಲುವಮ್ಮನನ್ನು ಕಂಡಳು, ಆಮೇಲೆ ಅವಳ ಹಿಂದೆ ಇನ್ನಾರಾದರೂ ಬರುತ್ತಾರೋ ಎಂಬಂತೆ ಕತ್ತು ವಾಲಿಸಿ ನೋಡಿದಳು. ತಿರುಗಿ ನೋಡುವ ಧೈರ್ಯವಿಲ್ಲದೆ ಚಲುವಮ್ಮ ಹಿಂದಿಂದಕ್ಕೇ ನಡೆದು ನಲ್ಲಿ ಸೇರಿದಳು.

ಅವಳ ಗಂಡ ಜವರಪ್ಪ ಎಮ್ಮೆ ಕಟ್ಟುತ್ತಲೇ ವಿಚಾರಣೆ ನಡೆಸಿದ.

“ಎಷ್ಟ್ ಸಲ ಕರೀತು?”

“ಒಂದೇ ಸಲ.”

“ಅಂಗಾದ್ರೆ ಅದೇ ಕಣೆ. ಮನ್ಸರಾದ್ರೆ ಇನ್ನೊಂದ್ಸಲ ಕೂಗ್ತಾರೆ. ಅವು ಒಂದೇ ಸಲ ಕೂಗೋದು. ಓಗೊಟ್ಯೋ, ಮುಗೀತು. ಎಂಗೂ ನೀನು ಓಗೊಡೋಳಲ್ಲ, ಬುಡು. ಇಷ್ಟ್ ದಿನಕ್ಕೆ ನಿನ್ ಸೋಮಾರಿತನ ಕೆಲ್ಸಕ್ಕೆ ಬಂತು.”

“ಮಿಸ್ಸು ದೆವ್ವ ಆಗೋ ಜನವಲ್ಲ. ಅವ್ರಿಗೆ ಟೈಮ್ ಎಲ್ಲಿತ್ತು?”

“ಮತ್ಯಾಕ್ ಕರೀತಾರೆ ನಿನ್ನ?”

ಅವತ್ತು ನಾನು ಓಗೊಡಲಿಲ್ಲವಲ್ಲ, ಅದಕ್ಕೆ ಎಂಬುದು ಬಾಯಿಗೆ ಬಂತು. ಚಲುವಮ್ಮ ಅದನ್ನು ನುಂಗಿಕೊಂಡು ಎಮ್ಮೆಗೆ ಹುಲ್ಲು ಹಾಕಿದಳು.

ಮಾರನೆಯ ದಿನವೂ ಕರೆ ಬಂತು. ಅದರ ಮಾರನೆಯ ದಿನವೂ. ಮಧ್ಯಾಹ್ನ, ಮಕ್ಕಳು ಮಲಗಿದ ಮೇಲೆ, ಒಂದು ಸಲ. ಗಣಕಯಂತ್ರಕ್ಕೆ ಗಣ ಬಂದಿದೆ ಎಂದೇ ಚಲುವಮ್ಮ ನಿಶ್ಚಯಿಸಿದಳು. ಅದರ ಹಿಂಬದಿಯಲ್ಲಿ ಸದಾ ಬುಸುಗುಡುವ ಫ್ಯಾನಿನ ಸದ್ದು ಕೇಳಿದರೆ ಗಾಳಿ ಸೇರಿಕೊಂಡಿದೆ ಎನ್ನಲು ಬೇರೆ ಸಾಕ್ಷಿಯೂ ಬೇಡ. ಬೆಳಿಗ್ಗೆ ಒರೆಸುವ ನೆಪದಲ್ಲಿ ಅದರ ತಲೆಯ ಮೇಲೆ ಒಂದು ನಿಂಬೆಹಣ್ಣು ಇಟ್ಟು ಬಂದಳು.

“ಆಂಟಿ, ಕಂಪ್ಯೂಟರ್ ಮೇಲೆ ನಿಂಬೆಹಣ್ಣು ಯಾಕೆ?”

“ಒಳ್ಳೆ ವಾಸ್ನೆ ಬರ್ಲಿ ಅಂತ, ಮೇಡಮ್ಮೋರೆ.”

ನಿಂಬೆಹಣ್ಣು ಒಣಗಿತು, ಕರೆ ಒಣಗಲಿಲ್ಲ. ಆ ಹೊತ್ತಿಗೆ ಅವಳು ನಲ್ಲಿಯನ್ನು ಪೂರ್ತಿ ತಿರುಗಿಸಿ, ಬೇಕೆಂದೇ ಲೋಟಗಳನ್ನು ಕುಟ್ಟುತ್ತಿದ್ದಳು. ಆದರೂ ತನ್ನ ಹೆಸರು ಎಲ್ಲ ಸದ್ದನ್ನೂ ಸೀಳಿಕೊಂಡು ಬಂದು ಕಿವಿಗೆ ತಾಗುತ್ತಿತ್ತು. ಅವಳಿಗೆ ಹೆದರಿಕೆ ದೆವ್ವದ್ದಲ್ಲ. ಮಿಸ್ಸು ದೆವ್ವವಾಗಿ ಬಂದರೂ ಬೈದು, ಕೂದಲು ಬಾಚಿಕೋ ಎಂದಾರು, ಅಷ್ಟೆ. ಹೆದರಿಕೆ ಬೇರೆಯದು. “ಬಂದೆ ಮಿಸ್ಸೋ” ಎಂದು ಓಡಿಹೋಗಿ, ಅಲ್ಲಿ ಯಾರೂ ಇರದಿದ್ದರೆ? ಆ ಖಾಲಿ ಕುರ್ಚಿಯ ಮುಂದೆ ಒದ್ದೆ ಕೈ ಇಟ್ಟುಕೊಂಡು ನಿಲ್ಲುವುದು ತನ್ನಿಂದಾಗದು. ಅದಕ್ಕಿಂತ ಕರೆಯೇ ನಿಂತುಹೋದರೆ ಒಳ್ಳೆಯದು.

ಕೊನೆಗೊಂದು ದಿನ ಸೆರಗನ್ನು ಸುರುಳಿ ಸುತ್ತುತ್ತ ಸುಷ್ಮಿತಾಳ ಮುಂದೆ ನಿಂತಳು. “ಮೇಡಮ್ಮೋರೆ, ಆ ಪೆಟ್ಗೆ ತೆಗ್ಸಿಬುಡಿ. ಇಲ್ಲಾಂದ್ರೆ ನನ್ನ ಬುಟ್ಟುಬುಡಿ.”

ಸುಷ್ಮಿತಾ ಬೆಚ್ಚಿದಳು. ಕಂಪ್ಯೂಟರ್ ಹೋದರೆ ಇನ್ನೊಂದು ತರಬಹುದು, ಚಲುವಮ್ಮ ಹೋದರೆ ಶಾಲೆ ನಡೆಯದು. “ಅಯ್ಯೋ, ಅಷ್ಟೇ ತಾನೆ? ನಾನೂ ಟ್ಯಾಬ್ ತರಿಸೋಣ ಅಂತಲೇ ಇದ್ದೆ. ಅತ್ತೆ ವಾಯ್ಸ್ ಇದೆ ಅಂತ ಸುಮ್ನಿದ್ದೆ. ನಮ್ಮ ಯಜಮಾನ್ರಂತೂ ಅದು ಆನ್ ಆಗಿದ್ರೆ ಈ ಕಡೆ ತಲೆನೇ ಹಾಕಲ್ಲ. ಅಮ್ಮ ಹಾಡಿದ್ದೆಲ್ಲ ಫೋನಲ್ಲಿದೆ, ಆನೆ ಎಲ್ಲಿ ಕಾಗೆ ಎಲ್ಲಿ ಅನ್ನೋದು ಯಾಕೆ, ಕೊಟ್ಬಿಡು ಅಂದ್ರು.”

ಯೋಗೇಂದ್ರನಿಗೆ ಹೇಳಿ ಕಳಿಸಿದರು. ತಲೆ ನರೆತು, ಹೊಟ್ಟೆ ಬಂದು, ಅವನು ಈಗ ಜಯಲಕ್ಷ್ಮಿಪುರಂನಲ್ಲಿ ಸಿಸಿಟಿವಿ ಹಾಕಿಕೊಡುವವನಾಗಿದ್ದ. ಒಂದು ಬೆಳಿಗ್ಗೆ ಬಂದು ಕಂಪ್ಯೂಟರಿನ ಮುಂದೆ ಕೂತು, ಬೇರೆಯವರಿಗೆ ಕೊಡುವ ಮುಂಚೆ ಒಳಗಿರುವುದನ್ನೆಲ್ಲ ಅಳಿಸಲು ಹಚ್ಚಿದ. ಪರದೆಯ ಮೇಲೆ ಒಂದು ಹಸಿರು ಪಟ್ಟಿ ಎಡದಿಂದ ಬಲಕ್ಕೆ ತೆವಳತೊಡಗಿತು. ಸುಮ್ಮನೆ ಕೂರಲಾರದೆ ಅವನು ಸಿ.ಡಿ. ತಟ್ಟೆಯ ಗುಂಡಿ ಒತ್ತಿದ. ತಟ್ಟೆ ನಾಲಗೆ ಚಾಚಿದಂತೆ ಹೊರಬಂತು. ಅದರ ಮೇಲೆ ಅರ್ಧರ್ಧ ಕಚ್ಚಿದ ಬಿಸ್ಕತ್ತುಗಳು, ಒಂದು ಸೀಬೆ ಎಲೆ, ಇರುವೆ.

“ಇದೇನ್ರೀ ಇದು, ನೈವೇದ್ಯ?” ಎಂದ.

ಸುಷ್ಮಿತಾ ನಿಂಬೆಹಣ್ಣು ನೆನೆದು ಚಲುವಮ್ಮನ ಕಡೆ ನೋಡಿದಳು.

“ನಾನಲ್ಲ ಮೇಡಮ್ಮೋರೆ!”

“ವರ್ಷಿಣಿನೇ ಇರಬೇಕು” ಎಂದಳು ಸುಷ್ಮಿತಾ. ಮೂಲೆಯಲ್ಲಿ ಚೆಂಡು ಹಿಡಿದು ನಿಂತಿದ್ದ ಮಗು ನೆಲ ನೋಡಿತು. “ದಿನಾ ಬಿಸ್ಕತ್ತಲ್ಲಿ ಅರ್ಧ ಎತ್ತಿಡ್ತಿದ್ಲು. ಯಾರಿಗೆ ಅಂತ ಯೋಚ್ನೆ ಮಾಡ್ತಿದ್ದೆ. ನಮ್ ಆಂಟಿಗೆ ಈ ಕಂಪ್ಯೂಟರ್ ಕಂಡ್ರೆ ಆಗಲ್ಲ ಸಾರ್. ಅದು ಕರೆಯುತ್ತೆ ಅಂತ ಭಯ.”

“ಕರೆಯುತ್ತಾ? ಏನಂತ?”

ಚಲುವಮ್ಮ ಗೋಡೆ ನೋಡುತ್ತ ಹೇಳಿದಳು: “ಮಿಸ್ಸು ಕರೀತಾರೆ ಸಾರ್. ಒಂದೇ ಸಲ. ‘ಚಲುವಮ್ಮಾ, ಸ್ವಲ್ಪ ಬಾಮ್ಮ’ ಅಂತ.”

ಯೋಗೇಂದ್ರ ಅವಳನ್ನೇ ಕಣ್ಣರಳಿಸಿ ನೋಡಿದ. ಆಮೇಲೆ ಹೊಟ್ಟೆ ಕುಲುಕುವಂತೆ ನಕ್ಕ. “ಅಯ್ಯೋ, ಆ ಚಲುವಮ್ಮ ನೀವೇ ಅಲ್ವೇನಮ್ಮ! ನಾನು ಮರೆತೇಬಿಟ್ಟಿದ್ದೆ. ಅದು ಆಟದಲ್ಲೇ ಇರೋದು ಕಣಮ್ಮ. ರೆಕಾರ್ಡಿಂಗ್ ದಿನ ನಾನು ಕೇಳಿದೆ, ‘ಮೇಡಂ, ಮಗು ಮತ್ತೆ ಮತ್ತೆ ತಪ್ಪು ಒತ್ತುತ್ತಲೇ ಹೋದ್ರೆ ಏನು ಹೇಳ್ತೀರಿ?’ ಅಂತ. ‘ನಾನೇನೂ ಹೇಳಲ್ಲಪ್ಪ, ಚಲುವಮ್ಮನ್ನ ಕರೀತೀನಿ’ ಅಂದ್ರು. ‘ಹಾಗಾದ್ರೆ ಕರೀರಿ’ ಅಂದೆ. ಕರೆದ್ರು. ‘ಚಲುವಮ್ಮಾ, ಸ್ವಲ್ಪ ಬಾಮ್ಮ. ನಮ್ಮ ಮರಿಗೆ ಸಾಕಾಯ್ತು, ಎತ್ಕೋ.’ ಹಾಗೇ ಹಾಕಿಬಿಟ್ಟೆ. ಬೇರೆ ಶಾಲೆಗಳಿಗೂ ಆಟ ಹೋಯ್ತಲ್ಲ, ಜಯಲಕ್ಷ್ಮಿಪುರಂನಿಂದ ಒಬ್ಬ ಟೀಚರು ಫೋನ್ ಮಾಡಿದ್ರು. ‘ಸಾರ್, ಚಲುವಮ್ಮ ಚಲುವಮ್ಮ ಅನ್ನುತ್ತೆ, ಮುಂದಕ್ಕೇ ಹೋಗಲ್ಲ. ಚಲುವಮ್ಮ ಅಂದ್ರೆ ಯಾವ ಬಟನ್ನು?’ ಅಂತ!”

ಅವನೊಬ್ಬನೇ ನಕ್ಕ. ನಗು ಜೊತೆ ಸಿಗದೆ ತಾನಾಗಿ ನಿಂತಿತು.

“ಅಂದ್ರೆ... ಮಿಸ್ಸು ನನ್ನ ಕರೀತಿದ್ದದ್ದು ಈ ಮಗೀನ ಎತ್ಕೊಳಕ್ಕಾ?” ಎಂದಳು ಚಲುವಮ್ಮ.

“ಮತ್ತಿನ್ಯಾಕಮ್ಮ? ಆದರೆ ಅಲ್ಲಿಗೆ ಬರಬೇಕು ಅಂದ್ರೆ ಮಗು ಒಂದೂ ಸರಿ ಒತ್ತಬಾರದು. ಒಂದು ಸರಿಯಾದ್ರೂ ಗಿಣಿ ಕುಣಿದು ಮುಂದೆ ಹೋಗುತ್ತೆ.”

ಸುಷ್ಮಿತಾ ನಿಧಾನವಾಗಿ ಹೇಳಿದಳು: “ದಿನಾ ಒಂದೂ ಸರಿ ಆಗದ ಹಾಗೆ ಒತ್ತಬೇಕಾದ್ರೆ, ಯಾವುದು ಸರಿ ಅಂತ ಎಲ್ಲಾ ಗೊತ್ತಿರಬೇಕಲ್ವಾ ಸಾರ್?”

ಮಗು ಬೇಕೆಂದೇ ಕಾಗೆಯನ್ನು ಒತ್ತಿತ್ತು. ಆನೆ ಗೊತ್ತಿದ್ದೂ ಕಾಗೆ, ಕೆಂಪು ಗೊತ್ತಿದ್ದೂ ಹಸಿರು. ಆಮೇಲೆ ಬಾಗಿಲು ನೋಡುತ್ತ ಕೂತಿತ್ತು. ಚಲುವಮ್ಮ ಎಂಬ ಯಾರೋ ಬರುತ್ತಾರೆ, ಎತ್ತಿಕೊಳ್ಳುತ್ತಾರೆ ಎಂದು ಪೆಟ್ಟಿಗೆ ಹೇಳಿದೆ. ಬಂದವರಿಗೆ ಕೊಡಲು ಮಗು ಬಿಸ್ಕತ್ತೂ ಎತ್ತಿಟ್ಟಿದೆ. ಬಂದದ್ದು ಮಾತ್ರ ಆಂಟಿ. ಆಂಟಿ ಇಣುಕಿ, ಹೆದರಿದ ಮುಖ ಮಾಡಿ, ಹಿಂದಕ್ಕೆ ಹೋಗಿಬಿಟ್ಟಿದ್ದಳು.

“ನಿಲ್ಸಿ ಸಾರ್ ಅದ್ನ” ಎಂದಳು ಚಲುವಮ್ಮ ಇದ್ದಕ್ಕಿದ್ದಂತೆ. “ಅಳಿಸ್ಬೇಡಿ. ಒಂದೇ ಒಂದ್ಸಲ ಕೇಳಿಸ್ಬುಡಿ. ನಾನು ಓಗೊಡ್ಬೇಕು.”

ಯೋಗೇಂದ್ರ ಪರದೆಯ ಕಡೆ ತಿರುಗಿದ. ಹಸಿರು ಪಟ್ಟಿ ಬಲತುದಿ ಮುಟ್ಟಿ ನಿಂತಿತ್ತು. “ಹೋಯ್ತಲ್ಲಮ್ಮ” ಎಂದ ಸಣ್ಣ ದನಿಯಲ್ಲಿ.

“ನಿಮ್ತಾವ ಇನ್ನೊಂದಿಲ್ವಾ?”

“ಸಿ.ಡಿ.ಗಳಿದ್ವು. ಯಾರೂ ಕೇಳೋರಿಲ್ಲ ಅಂತ ನಮ್ಮ ಚಿಕ್ಕಪ್ಪ ತಗೊಂಡು ಹೋಗಿ, ಹಕ್ಕಿ ಓಡ್ಸೋಕೆ ಅಂತ ಹೊಲದಲ್ಲಿ ದಾರ ಕಟ್ಟಿ ನೇತುಹಾಕಿದ್ರು. ಬಿಸಿಲು ಮಳೆಗೆ ಅವೂ ಬೆಳ್ಳಗಾಗಿಹೋದ್ವು.”

ಎಲ್ಲೋ ಒಂದು ರಾಗಿ ಹೊಲದ ಮೇಲೆ ಮಿಸ್ಸಿನ ದನಿ ಗಾಳಿಗೆ ಗಿರಿಗಿರಿ ತಿರುಗುತ್ತ, ಫಳಫಳ ಹೊಳೆಯುತ್ತ, ಸದ್ದಿಲ್ಲದೆ ಗುಬ್ಬಿಗಳನ್ನು ಓಡಿಸುತ್ತಿರುವುದು ಚಲುವಮ್ಮನ ಕಣ್ಣಿಗೆ ಕಟ್ಟಿತು. ತಾನು ಬೇಡಿದ್ದು ಆಗಿತ್ತು. ಕರೆ ನಿಂತಿತ್ತು.

“ಇವರೇ ನೋಡು ಪುಟ್ಟಿ ಚಲುವಮ್ಮ” ಎಂದ ಯೋಗೇಂದ್ರ, ಏನಾದರೂ ಹೇಳಬೇಕಲ್ಲ ಎಂದು, ಮೂಲೆಯ ಮಗುವಿಗೆ. ಆಮೇಲೆ ಪೆಟ್ಟಿಗೆಯನ್ನು ಸ್ಕೂಟರಿನ ಮುಂದೆ ಇಟ್ಟುಕೊಂಡು ಹೊರಟುಹೋದ. ವರ್ಷಿಣಿ ಚೆಂಡು ಕೈಬಿಟ್ಟು ಚಲುವಮ್ಮನನ್ನು ಕಾಲಿನಿಂದ ತಲೆಯವರೆಗೆ ನೋಡಿದಳು. ಆದರೆ ಹತ್ತಿರ ಬರಲಿಲ್ಲ. ಚಲುವಮ್ಮನಿಗೂ ಮುಖ ಎತ್ತಲಾಗಲಿಲ್ಲ.

ಮಧ್ಯಾಹ್ನವಾಯಿತು. ಮಕ್ಕಳು ಮಲಗಿದರು. ಕಂಪ್ಯೂಟರಿದ್ದ ಮೇಜಿನ ಮೇಲೆ ಧೂಳಿಲ್ಲದ ಒಂದು ಚೌಕ ಮಾತ್ರ ಉಳಿದಿತ್ತು. ಚಲುವಮ್ಮ ಹಿತ್ತಲಲ್ಲಿ ತಟ್ಟೆ ತೊಳೆಯುತ್ತಿದ್ದಳು. ನಲ್ಲಿಯನ್ನು ಸಣ್ಣಗೆ ಬಿಟ್ಟಿದ್ದಳು. ಲೋಟಗಳನ್ನು ಸದ್ದಾಗದಂತೆ ಇಡುತ್ತಿದ್ದಳು. ಬರುವುದಿಲ್ಲವೆಂದು ಗೊತ್ತಿದ್ದೂ ಕಿವಿ ಅತ್ತಲೇ ಇತ್ತು. ಇಷ್ಟು ದಿನ ಕರೆ ಬಂದು ಕಾಡಿತ್ತು. ಬಾರದೆ ಕಾಡುವುದು ಇನ್ನೂ ಜೋರು ಎಂದು ಆಗ ತಿಳಿಯಿತು.

“ಚಲುವಮ್ಮಾ...”

ಅದೇ ಎಳೆತ. ಕೊನೆಗೆ ಸ್ವಲ್ಪ ಮೇಲೆತ್ತಿ ಬಿಡುವ ಅದೇ ರಾಗ. ದನಿ ಮಾತ್ರ ಚಿಕ್ಕದು, ಬಹಳ ದಿನ ಮುಚ್ಚಿಟ್ಟ ಬಾಗಿಲು ತೆರೆದಂತೆ ಕಿರ್ರೆನ್ನುವಂಥದ್ದು.

“...ಸೊಲ್ಪ ಬಾಮ್ಮ.”

ಚಲುವಮ್ಮ ಎರಡನೇ ಕರೆಗೆ ಕಾಯಲಿಲ್ಲ. “ಬಂದೇ ಮಿಸ್ಸೋ!” ಎಂದು ಕೂಗಿದವಳೇ, ಮೊಳಕೈವರೆಗೆ ಸೋಪಿನ ನೊರೆ ಹಾಗೇ ಇರುವಂತೆ, ನಲ್ಲಿ ಹರಿಯುತ್ತಿರುವಂತೆಯೇ ಎದ್ದು ಓಡಿದಳು. ಮಲಗಿದ್ದ ಮಕ್ಕಳಲ್ಲಿ ಒಂದೆರಡು ಹೊರಳಿದವು. ಒಳಕೋಣೆಯಿಂದ ಸುಷ್ಮಿತಾ ಫೋನ್ ಕೆಳಗಿಟ್ಟು ಬಂದು ಬಾಗಿಲಲ್ಲೇ ನಿಂತಳು.

ಖಾಲಿ ಮೇಜಿನ ಮುಂದೆ ವರ್ಷಿಣಿ ಎರಡೂ ಕೈ ಮೇಲೆತ್ತಿ ನಿಂತಿದ್ದಳು.

“ಎತ್ಕೋ” ಎಂದಳು, ಮಿಸ್ಸು ಅಪ್ಪಣೆ ಕೊಡುವ ಗತ್ತಿನಲ್ಲೇ.

ಚಲುವಮ್ಮ ಎತ್ತಿಕೊಂಡಳು. ನೊರೆಯೆಲ್ಲ ಮಗುವಿನ ಫ್ರಾಕಿಗಾಯಿತು. ಸೊಂಟಕ್ಕೇರಿಸಿಕೊಂಡು ಸೀಬೆ ಮರದ ಹತ್ತಿರ ಹೋದಳು. ಯಾರ ತುಟಿ ನಡುಗುತ್ತಿತ್ತೋ, ಅದು ನೆಟ್ಟಗಾಗುವವರೆಗೂ ಅಲ್ಲೇ ನಿಂತಳು. ವರ್ಷಿಣಿ ಇರುವೆ ಸಾಲು ನೋಡಿದಳು, ಆಮೇಲೆ ತಲೆ ಎತ್ತಿ ಕೊಂಬೆಯ ತುದಿಯಲ್ಲಿ ಮಾಗಿದ್ದ ಒಂದು ಹಣ್ಣಿಗೆ ಬೆರಳು ಮಾಡಿ, ತುಟಿ ಮುಂದೆ ಚಾಚಿ, “ಕೂ...” ಎಂದು ಉದ್ದಕ್ಕೆ ಕೂಗಿದಳು.

“ಊಂ ಕಣವ್ವ” ಎಂದಳು ಚಲುವಮ್ಮ. “ಹಳ್ದಿ.”